ಪ್ರೌಢಶಾಲೆಯ ಅಂಕಗಳೂ ಕಾಲೇಜಿನ ಸಾಧನೆಯೂ

ಪ್ರತಿವರ್ಷವೂ ಕಾಲೇಜು ತೆರೆದ ಮೊದಲ ವಾರದಲ್ಲಿ ಅಧ್ಯಾಪಕರ ಕೈಗೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ವಿದ್ಯಾರ್ಥಿಗಳ ಹೆಸರುಗಳೂ, ಹೆಸರಿನ ಮುಂದೆ ಹಿಂದಿನ ಪರೀಕ್ಷೆಯಲ್ಲಿ ಅವರು ಗಳಿಸಿದ ಅಂಕಗಳೂ ಇರುತ್ತವೆ. ವಿದ್ಯಾರ್ಥಿಯ ಮುಖಪರಿಚಯವಾಗುವುದಕ್ಕೆ ಮೊದಲೇ ಅವನ ಅಂಕದ ಪರಿಚಯ ನಮಗೆ ಆಗಿಬಿಟ್ಟಿರುತ್ತದೆ. ಈತ ಮುಂದೆ ಬರುವವನು, ಈಕೆಗೆ ಈ ವಿಷಯ ಹತ್ತಲಾರದು ಎಂಬ ತೀರ್ಮಾನವೂ ನಮ್ಮ ಅರಿವಿಗೆ ಬಾರದಂತೆಯೇ ಮನಸ್ಸಿನಲ್ಲಿ ಮೂಡಿರುತ್ತದೆ. ಈ ತೀರ್ಮಾನಕ್ಕೆ ಆಧಾರವೆಷ್ಟು? ಪ್ರೌಢಶಾಲೆಯ ಹಂತದ ಅಳತೆಗಳು ಕಾಲೇಜಿನ ಸಾಧನೆಯನ್ನು ಎಷ್ಟರ ಮಟ್ಟಿಗೆ ಮುಂದಾಗಿ ಸೂಚಿಸಬಲ್ಲವು? ಇದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಪ್ರವೇಶ, ವಿದ್ಯಾರ್ಥಿವೇತನ, ವಿಷಯಗಳ ಹಂಚಿಕೆ ಇವೆಲ್ಲವೂ ಅಂಕಗಳನ್ನು ಅವಲಂಬಿಸಿವೆ. ಅಂಕದ ಮಾತನ್ನು ಅತಿಯಾಗಿ ನಂಬಿದರೆ ಯೋಗ್ಯರಾದ ಎಷ್ಟೋ ಮಂದಿ ಹೊರಗುಳಿಯುತ್ತಾರೆ. ಅದನ್ನು ಪೂರ್ತಿಯಾಗಿ ತಿರಸ್ಕರಿಸಿದರೆ ಸಿದ್ಧತೆಯಿಲ್ಲದ ವಿದ್ಯಾರ್ಥಿಯನ್ನು ಆಳ ತಿಳಿಯದ ನೀರಿಗೆ ಇಳಿಸಿದಂತಾಗುತ್ತದೆ. ಎರಡೂ ಅನ್ಯಾಯವೇ.

ಎರಡು ಅಳತೆಗೋಲುಗಳು

ಈ ವಿಷಯವಾಗಿ ದೀರ್ಘಕಾಲದ ವ್ಯಾಸಂಗ ನಡೆದಿರುವುದು ವಿಶೇಷವಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಅಲ್ಲಿ ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ತರಗತಿಗಳನ್ನು ಹೈಸ್ಕೂಲೆಂದು ಕರೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಪಿಯುಸಿಯ ಎರಡು ವರ್ಷಗಳೂ ಅದರಲ್ಲಿ ಸೇರುತ್ತವೆ. ಕಾಲೇಜಿಗೆ ಅರ್ಜಿ ಹಾಕುವ ವಿದ್ಯಾರ್ಥಿಯ ಬಳಿ ಸಾಮಾನ್ಯವಾಗಿ ಎರಡು ಬಗೆಯ ಅಳತೆಗಳಿರುತ್ತವೆ.

ಮೊದಲನೆಯದು ಶಾಲೆಯ ಅಧ್ಯಾಪಕರೇ ವರ್ಷವರ್ಷವೂ ಕೊಟ್ಟ ದರ್ಜೆಗಳ ಸರಾಸರಿ. ಇದನ್ನು ಸಾಮಾನ್ಯವಾಗಿ ಸೊನ್ನೆಯಿಂದ ನಾಲ್ಕರವರೆಗಿನ ಮಾನದಲ್ಲಿ ಹೇಳುವುದು ವಾಡಿಕೆ. ನಾಲ್ಕು ವರ್ಷಗಳ ಪಾಠ, ಮನೆಗೆಲಸ, ಕಿರುಪರೀಕ್ಷೆ, ಹಾಜರಿ, ಶಿಸ್ತು ಇವೆಲ್ಲದರ ಛಾಯೆಯೂ ಅದರಲ್ಲಿ ಬಿದ್ದಿರುತ್ತದೆ. ಎರಡನೆಯದು ದೇಶಕ್ಕೆಲ್ಲ ಒಂದೇ ಆದ ಪ್ರಮಾಣೀಕೃತ ಪರೀಕ್ಷೆ. ಕೆಲವೇ ಗಂಟೆಗಳಲ್ಲಿ ಮುಗಿಯುವ ಈ ಪರೀಕ್ಷೆಯಲ್ಲಿ ನ್ಯೂಯಾರ್ಕಿನ ಹುಡುಗನಿಗೂ ಅಯೋವದ ಹಳ್ಳಿಯ ಹುಡುಗಿಗೂ ಒಂದೇ ಮಾನ.

ಈ ಎರಡನೆಯ ಬಗೆಯ ಚರಿತ್ರೆ ಸ್ವಾರಸ್ಯವಾದುದು. ಕಾಲೇಜುಗಳು ತಂತಮ್ಮ ಪ್ರವೇಶ ಪರೀಕ್ಷೆಗಳನ್ನು ಬೇರೆಬೇರೆಯಾಗಿ ನಡೆಸುತ್ತಿದ್ದುದರಿಂದ ಉಂಟಾಗಿದ್ದ ಗೊಂದಲವನ್ನು ನಿವಾರಿಸಲು ೧೯೦೦ರಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಸ್ಥಾಪಿತವಾಯಿತು. ಆ ಸಂಸ್ಥೆ ಸ್ಯಾಟ್ ಎಂಬ ಪರೀಕ್ಷೆಯನ್ನು ಮೊಟ್ಟಮೊದಲು ನಡೆಸಿದ್ದು ೧೯೨೬ರ ಜೂನ್ ತಿಂಗಳಿನಲ್ಲಿ. ಅದನ್ನು ಬರೆದವರು ಸುಮಾರು ೮,೦೦೦ ಮಂದಿ. ಅದನ್ನು ರೂಪಿಸಿದವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. ಇಂಥ ಪರೀಕ್ಷೆಗಳು ಹುಟ್ಟಿನಿಂದ ಬಂದ ಬುದ್ಧಿಯನ್ನು ಅಳೆಯುತ್ತವೆಂದೂ, ಜನಾಂಗ ಜನಾಂಗಗಳ ನಡುವಣ ವ್ಯತ್ಯಾಸವನ್ನು ತೋರಿಸುತ್ತವೆಂದೂ ಅವರು ೧೯೨೩ರಲ್ಲಿ ಒಂದು ಗ್ರಂಥವನ್ನೇ ಬರೆದಿದ್ದರು. ೧೯೩೦ರಲ್ಲಿ ತಮ್ಮ ಆ ವಾದಕ್ಕೆ ಆಧಾರವಿಲ್ಲವೆಂದು ತಾವೇ ಒಪ್ಪಿ ಅದನ್ನು ಹಿಂತೆಗೆದುಕೊಂಡರು. ಅಳತೆಗೋಲನ್ನು ಮಾಡಿದವನಿಗೇ ತಾನು ಏನನ್ನು ಅಳೆಯುತ್ತಿದ್ದೇನೆಂಬುದು ಸ್ಪಷ್ಟವಾಗಿರಲಿಲ್ಲವೆಂಬುದನ್ನು ನಾವು ಮರೆಯಬಾರದು. ೧೯೫೯ರಲ್ಲಿ ಅಯೋವ ವಿಶ್ವವಿದ್ಯಾಲಯದ ಲಿಂಡ್‌ಕ್ವಿಸ್ಟ್ ಎಂಬ ವಿದ್ವಾಂಸರ ನೇತೃತ್ವದಲ್ಲಿ, ಶಾಲೆಯಲ್ಲಿ ಕಲಿತುದನ್ನೇ ಮುಖ್ಯವಾಗಿ ಪರೀಕ್ಷಿಸುವ ಆಕ್ಟ್ ಎಂಬ ಇನ್ನೊಂದು ಪರೀಕ್ಷೆ ಆರಂಭವಾಯಿತು.

ಸಹಸಂಬಂಧದ ಮಾತು

ಒಂದು ಅಳತೆ ಇನ್ನೊಂದನ್ನು ಎಷ್ಟು ಚೆನ್ನಾಗಿ ಸೂಚಿಸುತ್ತದೆಂಬುದನ್ನು ಸಂಖ್ಯಾಶಾಸ್ತ್ರಜ್ಞರು ಸಹಸಂಬಂಧಾಂಕದಿಂದ ಹೇಳುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲದಿದ್ದರೆ ಆ ಅಂಕ ಸೊನ್ನೆ. ಒಂದು ಏರಿದಂತೆಲ್ಲ ಇನ್ನೊಂದು ತಪ್ಪದೆ ಅದೇ ಪ್ರಮಾಣದಲ್ಲಿ ಏರಿದರೆ ಒಂದು. ಕಾಲೇಜ್ ಬೋರ್ಡು ೨೦೧೯ರಲ್ಲಿ ಪ್ರಕಟಿಸಿದ, ೧೭೧ ವಿದ್ಯಾಸಂಸ್ಥೆಗಳನ್ನು ಒಳಗೊಂಡ ಅಧ್ಯಯನದ ಪ್ರಕಾರ, ಕಾಲೇಜಿನ ಮೊದಲ ವರ್ಷದ ದರ್ಜೆಯೊಡನೆ ಶಾಲೆಯ ದರ್ಜೆಗಿರುವ ಸಹಸಂಬಂಧ ೦.೫೩, ಸ್ಯಾಟ್ ಅಂಕಕ್ಕಿರುವುದು ೦.೫೧, ಎರಡನ್ನೂ ಕೂಡಿಸಿ ನೋಡಿದಾಗ ೦.೬೧. ಇವು, ಮುಂದೆ ವಿವರಿಸಲಿರುವ ಒಂದು ದೋಷವನ್ನು ತಿದ್ದಿದ ಬಳಿಕ ದೊರೆತ ಸಂಖ್ಯೆಗಳು.

೦.೫ ಎಂದರೆ ಅರ್ಧದಷ್ಟು ಸರಿ ಎಂದು ತಿಳಿಯುವವರುಂಟು. ಅದು ತಪ್ಪು. ಸಹಸಂಬಂಧಾಂಕವನ್ನು ಅದರಿಂದಲೇ ಗುಣಿಸಿದಾಗ ಬರುವ ೦.೨೫ನ್ನು ಇಲ್ಲಿ ಗಮನಿಸಬೇಕು. ಕಾಲೇಜಿನ ವಿದ್ಯಾರ್ಥಿಗಳ ನಡುವೆ ಕಂಡುಬರುವ ಏರಿಳಿತದಲ್ಲಿ ಸುಮಾರು ಕಾಲುಭಾಗಕ್ಕೆ ಮಾತ್ರ ಹಿಂದಿನ ಅಂಕ ಲೆಕ್ಕ ಕೊಡುತ್ತದೆ. ಉಳಿದ ಮುಕ್ಕಾಲು ಭಾಗಕ್ಕೆ ಕಾರಣ ಬೇರೆ ಕಡೆ ಇದೆ.

ಇದನ್ನೇ ತರಗತಿಯ ಭಾಷೆಯಲ್ಲಿ ಹೇಳೋಣ. ನೂರು ಮಂದಿ ವಿದ್ಯಾರ್ಥಿಗಳನ್ನು ಪ್ರವೇಶದ ಅಂಕಗಳ ಕ್ರಮದಲ್ಲಿ ನಿಲ್ಲಿಸಿ, ಮೇಲಿನ ಐವತ್ತು, ಕೆಳಗಿನ ಐವತ್ತು ಎಂದು ಎರಡು ಪಾಲು ಮಾಡಿದೆವೆನ್ನಿ. ವರ್ಷದ ಕೊನೆಯಲ್ಲಿ ಕಾಲೇಜಿನ ಫಲಿತಾಂಶದ ಮೇಲೆಯೂ ಹಾಗೆಯೇ ಎರಡು ಪಾಲು ಮಾಡಿದೆವೆನ್ನಿ. ಸಂಬಂಧವೇ ಇಲ್ಲದಿದ್ದರೆ, ಮೊದಲು ಮೇಲಿದ್ದ ಐವತ್ತರಲ್ಲಿ ಸುಮಾರು ೨೫ ಮಂದಿ ಈಗಲೂ ಮೇಲಿರುತ್ತಾರೆ. ಸಂಬಂಧ ಪರಿಪೂರ್ಣವಾಗಿದ್ದರೆ ೫೦ ಮಂದಿಯೂ ಮೇಲೆಯೇ ಇರುತ್ತಾರೆ. ಅಂಕಗಳು ಸಾಮಾನ್ಯ ವಿತರಣೆಯ ರೀತಿಯಲ್ಲಿ ಹರಡಿಕೊಂಡಿದ್ದು ಸಹಸಂಬಂಧ ೦.೫ ಆಗಿದ್ದರೆ, ಮೇಲೆಯೇ ಉಳಿಯುವವರು ಸುಮಾರು ೩೩ ಮಂದಿ. ಹದಿನೇಳು ಮಂದಿ ಕೆಳಕ್ಕೆ ಜಾರಿರುತ್ತಾರೆ. ಕೆಳಗಿದ್ದವರಲ್ಲಿ ಅಷ್ಟೇ ಮಂದಿ ಮೇಲೇರಿರುತ್ತಾರೆ. ಎರಡು ಅಳತೆಗಳನ್ನೂ ಕೂಡಿಸಿ ೦.೬೧ಕ್ಕೆ ಏರಿಸಿದರೂ ೩೩ ಎಂಬುದು ೩೫ ಆಗುತ್ತದೆ, ಅಷ್ಟೇ.

ಈ ಲೆಕ್ಕದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಸಾವಿರಾರು ಅರ್ಜಿಗಳನ್ನು ವಿಂಗಡಿಸಬೇಕಾದ ಸಂಸ್ಥೆಗೆ ೨೫ರ ಬದಲು ೩೩ ದೊರೆಯುವುದು ಸಣ್ಣ ಲಾಭವಲ್ಲ. ಆದರೆ ನಮ್ಮ ಎದುರಿನ ಬೆಂಚಿನಲ್ಲಿ ಕುಳಿತಿರುವ ಒಬ್ಬ ವಿದ್ಯಾರ್ಥಿಯ ವಿಷಯದಲ್ಲಿ ಅದೇ ಅಂಕವನ್ನು ನಂಬಿ ತೀರ್ಪು ಕೊಟ್ಟರೆ, ಮೂವರಲ್ಲಿ ಒಬ್ಬನ ವಿಷಯದಲ್ಲಿ ನಾವು ತಪ್ಪುತ್ತೇವೆ. ಗುಂಪಿಗೆ ಸಲ್ಲುವ ಸತ್ಯ ವ್ಯಕ್ತಿಗೂ ಹಾಗೆಯೇ ಸಲ್ಲಬೇಕಾಗಿಲ್ಲ.

ವಿರುದ್ಧವೆಂದು ತೋರುವ ಫಲಿತಾಂಶಗಳು

ಶಾಲೆಯ ದರ್ಜೆ ಹೆಚ್ಚೋ, ಪ್ರಮಾಣೀಕೃತ ಪರೀಕ್ಷೆ ಹೆಚ್ಚೋ ಎಂಬ ವಿವಾದದಲ್ಲಿ ಎರಡು ಪಕ್ಷದವರಿಗೂ ಬಲವಾದ ಆಧಾರಗಳುಂಟು. ಓದುವವರಿಗೆ ಇದರಿಂದ ಗೊಂದಲವಾಗುವುದು ಸಹಜ.

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸುಮಾರು ೮೦,೦೦೦ ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿ ಗೈಸರ್ ಮತ್ತು ಸ್ಯಾಂಟೆಲಿಸೆಸ್ ಎಂಬ ಸಂಶೋಧಕರು ೨೦೦೭ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಮೊದಲ ವರ್ಷದಲ್ಲಿ ಮಾತ್ರವಲ್ಲದೆ ನಾಲ್ಕು ವರ್ಷಗಳ ಪೂರ್ತಿ ಸಾಧನೆಗೂ ಶಾಲೆಯ ದರ್ಜೆಯೇ ಎಲ್ಲಕ್ಕಿಂತ ಉತ್ತಮ ಸೂಚಕವೆಂದೂ, ಅದು ಕುಟುಂಬದ ಸ್ಥಿತಿಗತಿಯೊಡನೆ ಪರೀಕ್ಷೆಯ ಅಂಕದಷ್ಟು ಹೆಣೆದುಕೊಂಡಿಲ್ಲವೆಂದೂ ಅವರು ಕಂಡುಕೊಂಡರು. ಬೋವೆನ್, ಚಿಂಗೋಸ್ ಮತ್ತು ಮ್ಯಾಕ್‌ಫರ್ಸನ್ ಎಂಬವರು ಸರಕಾರಿ ವಿಶ್ವವಿದ್ಯಾಲಯಗಳ ವಿಷಯವಾಗಿ ೨೦೦೯ರಲ್ಲಿ ಪ್ರಕಟಿಸಿದ ಗ್ರಂಥವೂ ಪದವಿಯನ್ನು ಪೂರೈಸುವವರಾರು ಎಂಬುದನ್ನು ಶಾಲೆಯ ದರ್ಜೆಯೇ ಹೆಚ್ಚು ಚೆನ್ನಾಗಿ ಸೂಚಿಸುತ್ತದೆಂದು ಹೇಳಿತು. ಷಿಕಾಗೋ ನಗರದ ಸರಕಾರಿ ಶಾಲೆಗಳಿಂದ ಕಾಲೇಜಿಗೆ ಹೋದ ೫೫,೦೦೦ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕುರಿತು ಆಲೆನ್ಸ್‌ವರ್ತ್ ಮತ್ತು ಕ್ಲಾರ್ಕ್ ಎಂಬವರು ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವಿಯ ಪೂರೈಕೆಯನ್ನು ಸೂಚಿಸುವುದರಲ್ಲಿ ಶಾಲೆಯ ದರ್ಜೆಗೆ ಆಕ್ಟ್ ಅಂಕದ ಐದರಷ್ಟು ಬಲವಿತ್ತು.

ಆದರೆ ಅದೇ ೨೦೨೦ರಲ್ಲಿ ಅದೇ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅಧ್ಯಾಪಕರ ಸಮಿತಿಯೊಂದು ಇದಕ್ಕೆ ವಿರುದ್ಧವೆನ್ನಬಹುದಾದ ವರದಿಯನ್ನು ಕೊಟ್ಟಿತು. ಮೊದಲ ವರ್ಷದ ದರ್ಜೆಯನ್ನು ಶಾಲೆಯ ದರ್ಜೆಗಿಂತ ಪರೀಕ್ಷೆಯ ಅಂಕವೇ ಹೆಚ್ಚು ಚೆನ್ನಾಗಿ ಸೂಚಿಸುತ್ತಿದೆಯೆಂಬುದು ಅದರ ಅಭಿಪ್ರಾಯ. ಹೀಗಿದ್ದರೂ ಆಡಳಿತ ಮಂಡಲಿ ೨೦೨೦ರ ಮೇ ತಿಂಗಳಲ್ಲಿ ಪರೀಕ್ಷೆಯನ್ನು ಕ್ರಮೇಣ ಕೈಬಿಡಲು ನಿರ್ಧರಿಸಿತು. ಇತ್ತ ಎಂಐಟಿ ಸಂಸ್ಥೆ ಕೋವಿಡ್ ಪಿಡುಗಿನ ಕಾಲದಲ್ಲಿ ಕೈಬಿಟ್ಟಿದ್ದ ಪರೀಕ್ಷೆಯನ್ನು ೨೦೨೨ರಲ್ಲಿ ಮರಳಿ ಕಡ್ಡಾಯ ಮಾಡಿತು. ತನ್ನಲ್ಲಿನ ಗಣಿತದ ಭಾರವನ್ನು ಹೊರಬಲ್ಲವರಾರೆಂಬುದನ್ನು ಅದಿಲ್ಲದೆ ತಿಳಿಯುವುದು ಕಷ್ಟವೆಂದು ಕಾರಣ ಕೊಟ್ಟಿತು. ೨೦೨೪ರಲ್ಲಿ ಡಾರ್ಟ್‌ಮತ್ ಕಾಲೇಜೂ ಅದೇ ದಾರಿ ಹಿಡಿಯಿತು. ಅದೇ ವರ್ಷ ಅತ್ಯಂತ ಪ್ರತಿಷ್ಠಿತವಾದ ಕೆಲವು ಕಾಲೇಜುಗಳನ್ನು ಕುರಿತು ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಯಾಟ್ ಪರೀಕ್ಷೆಯಲ್ಲಿ ೧೬೦೦ ಪಡೆದವರಿಗೂ ೧೨೦೦ ಪಡೆದವರಿಗೂ ಕಾಲೇಜಿನ ಮೊದಲ ವರ್ಷದ ದರ್ಜೆಯಲ್ಲಿ ೦.೪೩ರಷ್ಟು ಅಂತರವಿದ್ದರೆ, ಶಾಲೆಯಲ್ಲಿ ೪.೦ ದರ್ಜೆ ಪಡೆದವರಿಗೂ ೩.೨ ಪಡೆದವರಿಗೂ ಇದ್ದ ಅಂತರ ೦.೧ನ್ನೂ ಮೀರಲಿಲ್ಲ.

ಒಂದು ಕಡೆಯವರು ಸುಳ್ಳು ಹೇಳುತ್ತಿದ್ದಾರೆಂದು ಭಾವಿಸಬೇಕಾಗಿಲ್ಲ. ಮೂರು ಕಾರಣಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ವಿರೋಧ ಬಹುಮಟ್ಟಿಗೆ ಬಗೆಹರಿಯುತ್ತದೆ.

ವಿರೋಧ ಹೇಗೆ ಬಗೆಹರಿಯುತ್ತದೆ

ಮೊದಲನೆಯ ಕಾರಣ, ಸಾಧನೆ ಎಂಬ ಮಾತಿನ ಅರ್ಥ. ಷಿಕಾಗೋ ಅಧ್ಯಯನದಲ್ಲಿ ಸಾಧನೆಯೆಂದರೆ ಪದವಿಯನ್ನು ಪೂರೈಸುವುದು. ಪ್ರತಿಷ್ಠಿತ ಕಾಲೇಜುಗಳ ಅಧ್ಯಯನದಲ್ಲಿ ಸಾಧನೆಯೆಂದರೆ ಮೊದಲ ವರ್ಷದ ದರ್ಜೆ. ಇವೆರಡೂ ಒಂದೇ ಅಲ್ಲ. ಕಾಯಿಲೆ, ಬಡತನ, ಬೇಸರ, ಮನೆಯ ತೊಂದರೆ ಇವುಗಳ ನಡುವೆಯೂ ದಿನದಿನವೂ ತರಗತಿಗೆ ಬಂದು, ಒಪ್ಪಿಸಬೇಕಾದ ಕೆಲಸವನ್ನು ಒಪ್ಪಿಸಿ, ನಾಲ್ಕು ವರ್ಷ ತಾಳಿಕೊಳ್ಳುವವನು ಪದವೀಧರನಾಗುತ್ತಾನೆ. ಶಾಲೆಯ ದರ್ಜೆಯೂ ಅಂಥ ತಾಳ್ಮೆಯ ದಾಖಲೆಯೇ. ಕಠಿಣವಾದ ಗಣಿತದ ಮೊದಲ ಪಾಠವನ್ನು ಗ್ರಹಿಸುವ ಸಿದ್ಧತೆಯೇ ಬೇರೆ. ಅದನ್ನು ಪರೀಕ್ಷೆ ಹೆಚ್ಚು ನಿಖರವಾಗಿ ತೋರಿಸಬಹುದು.

ಎರಡನೆಯ ಕಾರಣ, ದರ್ಜೆಗಳ ಉಬ್ಬರ. ಆಕ್ಟ್ ಸಂಸ್ಥೆಯ ಲೆಕ್ಕದಂತೆ ಅದರ ಪರೀಕ್ಷೆಗೆ ಕುಳಿತವರ ಶಾಲಾ ದರ್ಜೆಯ ಸರಾಸರಿ ೨೦೧೦ರಲ್ಲಿ ೩.೨೨ ಇದ್ದುದು ೨೦೨೧ರಲ್ಲಿ ೩.೩೯ಕ್ಕೆ ಏರಿತು, ಪರೀಕ್ಷೆಯ ಅಂಕಗಳು ಅದಕ್ಕೆ ತಕ್ಕಂತೆ ಏರಲಿಲ್ಲ. ಎಲ್ಲರೂ ಮೇಲಿನ ಮೆಟ್ಟಿಲಲ್ಲಿ ನಿಂತಾಗ ಯಾರು ಎತ್ತರವೆಂದು ಮೆಟ್ಟಿಲು ಹೇಳಲಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಇದನ್ನು ವ್ಯಾಪ್ತಿಸಂಕೋಚವೆಂದು ಕರೆಯಬಹುದು. ಮೇಲೆ ಸೂಚಿಸಿದ ದೋಷವೂ ಇದೇ. ಒಂದೇ ಜರಡಿಯಲ್ಲಿ ಜಾಲಿಸಿದ ರಾಗಿಯನ್ನು ಮುಂದಿಟ್ಟುಕೊಂಡು, ಕಾಳಿನ ಗಾತ್ರಕ್ಕೂ ಮೊಳಕೆಯ ಕಸುವಿಗೂ ಸಂಬಂಧವುಂಟೇ ಎಂದು ಪರೀಕ್ಷಿಸಿದರೆ ಸಂಬಂಧ ಕಾಣದೆ ಹೋಗಬಹುದು. ಸಂಬಂಧವಿಲ್ಲವೆಂದಲ್ಲ, ಸಣ್ಣ ಕಾಳುಗಳು ಜರಡಿಯಿಂದ ಮೊದಲೇ ಬಿದ್ದುಹೋಗಿವೆ. ಕಾಲೇಜಿನಲ್ಲಿ ನಮಗೆ ಕಾಣುವವರು ಪ್ರವೇಶ ದೊರೆತವರು ಮಾತ್ರ. ಪ್ರವೇಶ ದೊರೆಯದವರು ಬಂದಿದ್ದರೆ ಹೇಗೆ ಓದುತ್ತಿದ್ದರೆಂಬುದನ್ನು ನಾವು ನೋಡಲಾರೆವು. ಎಲ್ಲ ಅರ್ಜಿದಾರರಲ್ಲಿ ೦.೫ ಇದ್ದ ಸಹಸಂಬಂಧ, ಆಯ್ಕೆಯ ನಂತರ ಅಂಕಗಳ ಹರವು ಅರ್ಧಕ್ಕೆ ಇಳಿದರೆ ಸುಮಾರು ೦.೨೮ಕ್ಕೆ ಕುಗ್ಗುತ್ತದೆ. ಪ್ರತಿಷ್ಠಿತ ಕಾಲೇಜುಗಳಲ್ಲಿ ಬಹುಪಾಲು ಎಲ್ಲರ ಶಾಲಾ ದರ್ಜೆಯೂ ನಾಲ್ಕರ ಆಸುಪಾಸಿನಲ್ಲೇ ಇರುವುದರಿಂದ ಅಲ್ಲಿ ಆ ದರ್ಜೆ ಮೌನವಾಗುತ್ತದೆ. ಷಿಕಾಗೋ ನಗರದ ವಿದ್ಯಾರ್ಥಿಗಳಲ್ಲಿ ದರ್ಜೆಗಳ ಹರವು ವಿಶಾಲವಾಗಿದ್ದುದರಿಂದ ಅಲ್ಲಿ ಅದು ಮಾತಾಡುತ್ತದೆ. ಆದುದರಿಂದ ಯಾವ ಅಳತೆ ಉತ್ತಮವೆಂಬ ಪ್ರಶ್ನೆಗೆ, ಯಾರಲ್ಲಿ ಮತ್ತು ಯಾವ ಉದ್ದೇಶಕ್ಕೆ ಎಂದು ಕೇಳದೆ ಉತ್ತರವಿಲ್ಲ.

ನಮ್ಮ ನಾಡಿನ ಒಂದು ಪ್ರಸಂಗ

ಈ ವಿಚಾರ ದೂರದೇಶದ್ದಷ್ಟೇ ಅಲ್ಲ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಪ್ರವೇಶದ ರ‍್ಯಾಂಕನ್ನು ದ್ವಿತೀಯ ಪಿಯುಸಿಯ ಅಂಕಕ್ಕೂ ಸಾಮಾನ್ಯ ಪ್ರವೇಶ ಪರೀಕ್ಷೆ, ಎಂದರೆ ಸಿಇಟಿಯ ಅಂಕಕ್ಕೂ ಸಮಪಾಲು ಕೊಟ್ಟು ನಿರ್ಣಯಿಸುವ ಪದ್ಧತಿಯಿದೆ. ಎರಡು ಅಳತೆಗಳು ಕೂಡಿದರೆ ಒಂದಕ್ಕಿಂತ ಉತ್ತಮವೆಂಬ ಮೇಲಿನ ತತ್ತ್ವಕ್ಕೆ ಇದು ಅನುಗುಣವಾಗಿಯೇ ಇದೆ. ಆದರೆ ೨೦೨೧ರಲ್ಲಿ ಕೋವಿಡ್ ಕಾರಣದಿಂದ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಎಸ್‌ಎಸ್‌ಎಲ್‌ಸಿ, ಪ್ರಥಮ ಪಿಯುಸಿ ಮೊದಲಾದ ಹಿಂದಿನ ಅಂಕಗಳನ್ನು ಆಧರಿಸಿ ಫಲಿತಾಂಶ ಕೊಡಲಾಯಿತು; ಆ ವರ್ಷದ ರ‍್ಯಾಂಕಿಗೆ ಸಿಇಟಿಯ ಅಂಕವನ್ನು ಮಾತ್ರ ಪರಿಗಣಿಸಲಾಯಿತು.

ತೊಡಕು ಬಂದುದು ೨೦೨೨ರಲ್ಲಿ. ಹಿಂದಿನ ವರ್ಷ ತೇರ್ಗಡೆಯಾಗಿದ್ದ ಸುಮಾರು ೨೪,೦೦೦ ಮಂದಿ ಮತ್ತೆ ಸಿಇಟಿ ಬರೆದರು. ಪರೀಕ್ಷೆಯಿಲ್ಲದೆ ಬಂದ ಅವರ ಪಿಯುಸಿ ಅಂಕವನ್ನು ಹೊಸಬರ ಅಂಕದೊಡನೆ ಸರಿತೂಗಿಸಲಾಗದೆಂದು, ಅವರಿಗೆ ಸಿಇಟಿ ಅಂಕವನ್ನಷ್ಟೇ ಲೆಕ್ಕಕ್ಕೆ ಹಿಡಿಯಲಾಯಿತು. ಇದರಿಂದ ರ‍್ಯಾಂಕಿನಲ್ಲಿ ಹಿಂದೆ ಬಿದ್ದವರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅವರ ಪಿಯುಸಿ ಅಂಕವನ್ನೂ ಸೇರಿಸಬೇಕೆಂದು ೨೦೨೨ರ ಸೆಪ್ಟೆಂಬರಿನಲ್ಲಿ ಏಕಸದಸ್ಯ ಪೀಠ ತೀರ್ಪಿತ್ತಿತು. ಮೇಲ್ಮನವಿಯಾದ ಬಳಿಕ, ಹಿಂದಿನ ವರ್ಷದ ಅಂಕಗಳಿಂದ ಒಂದಿಷ್ಟನ್ನು ಕಳೆದು ಎರಡು ವರ್ಷಗಳವರನ್ನೂ ಸಮಾನ ನೆಲೆಗೆ ತರುವ ಸೂತ್ರವೊಂದನ್ನು ವಿಭಾಗೀಯ ಪೀಠ ಒಪ್ಪಿಕೊಂಡಿತು.

ನ್ಯಾಯ ಯಾರ ಕಡೆಗಿತ್ತೆಂಬುದು ಇಲ್ಲಿ ನಮ್ಮ ವಿಷಯವಲ್ಲ. ನಾವು ಗಮನಿಸತಕ್ಕದ್ದು ಇಷ್ಟೇ: ನೂರಕ್ಕೆ ತೊಂಬತ್ತು ಎಂಬ ಅಂಕ ಎರಡು ವರ್ಷಗಳಲ್ಲಿ ಎರಡು ಬೇರೆ ಅರ್ಥಗಳನ್ನು ಹೊಂದಿತ್ತು. ಅಂಕವು ಅಡಿ, ಅಂಗುಲಗಳಂತೆ ಎಲ್ಲೆಡೆಯೂ ಒಂದೇ ಆಗಿರುವ ಮಾನವಲ್ಲ. ಅದನ್ನು ಕೊಟ್ಟ ಪರೀಕ್ಷೆ, ವರ್ಷ, ಮಂಡಲಿ ಇವುಗಳನ್ನು ಬಿಟ್ಟು ಅದಕ್ಕೆ ಅರ್ಥವಿಲ್ಲ. ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ೨೦೨೧ರಲ್ಲಿ ಕೆಲವು ವಿಷಯಗಳ ಪ್ರವೇಶಕ್ಕೆ ನೂರಕ್ಕೆ ನೂರು ಅಂಕ ಬೇಕಾಯಿತು; ಮರುವರ್ಷ ಅಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಜಾರಿಗೆ ಬಂದಿತು. ಅಳತೆಗೋಲು ತುದಿ ಮುಟ್ಟಿದ ಮೇಲೆ ಅಳೆಯುವ ಕೆಲಸವನ್ನು ಬೇರೊಂದಕ್ಕೆ ವಹಿಸಲೇಬೇಕಾಗುತ್ತದೆ.

ನಮ್ಮ ನಾಡಿಗೇ ವಿಶಿಷ್ಟವಾದ ಇನ್ನೊಂದು ಅಂಶವುಂಟು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನವನ್ನು ಕಲಿತ ವಿದ್ಯಾರ್ಥಿ ಪಿಯುಸಿಯಲ್ಲಿ ಅದೇ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಎದುರಿಸುತ್ತಾನೆ. ಆಗ ಅವನ ಅಂಕ ಇಳಿದರೆ, ಇಳಿದುದು ವಿಷಯದ ಗ್ರಹಿಕೆಯೋ ಭಾಷೆಯ ಹಿಡಿತವೋ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ. ಇದನ್ನು ಹೇಳಬಲ್ಲವರು ತರಗತಿಯ ಅಧ್ಯಾಪಕರು ಮಾತ್ರ.

ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದುದು

ಮೇಲಿನ ವಿಚಾರಗಳನ್ನು ಅನುಭವದಲ್ಲಿ ಪರೀಕ್ಷಿಸಿ ನೋಡಲು ದೊಡ್ಡ ಯಂತ್ರಸಾಮಗ್ರಿಯಾಗಲಿ ಹಣವಾಗಲಿ ಬೇಕಾಗಿಲ್ಲ. ಮೂರು ವರ್ಷಗಳ ಹಿಂದೆ ಸೇರಿದ ಒಂದು ತಂಡದ ಪ್ರವೇಶದ ಅಂಕಗಳನ್ನೂ ಪದವಿಯ ಫಲಿತಾಂಶವನ್ನೂ ಕಾಲೇಜಿನ ಕಚೇರಿಯಿಂದ ತೆಗೆದುಕೊಳ್ಳಬೇಕು. ಹೆಸರುಗಳನ್ನು ಬಿಟ್ಟು, ಎರಡನ್ನೂ ಮೇಲರ್ಧ ಕೆಳಗರ್ಧವೆಂದು ವಿಂಗಡಿಸಿ, ನಾಲ್ಕು ಮನೆಗಳ ಕೋಷ್ಟಕವೊಂದನ್ನು ಬರೆಯಬೇಕು. ನಡುವೆ ಓದು ಬಿಟ್ಟವರನ್ನು ಲೆಕ್ಕದಿಂದ ಕೈಬಿಡದೆ ಬೇರೆಯಾಗಿ ಎಣಿಸಬೇಕು. ಅವರನ್ನು ಮರೆತರೆ ಜರಡಿಯ ದೋಷವೇ ಇನ್ನೊಂದು ರೂಪದಲ್ಲಿ ಒಳಹೊಗುತ್ತದೆ. ಮೇಲಿನಿಂದ ಕೆಳಗಿಳಿದವರು, ಕೆಳಗಿನಿಂದ ಮೇಲೇರಿದವರು ಎಷ್ಟು ಮಂದಿಯೆಂದು ಎಣಿಸಿದರೆ, ತಮ್ಮ ಕಾಲೇಜಿನಲ್ಲಿ ಪ್ರವೇಶದ ಅಂಕದ ಬೆಲೆಯೆಷ್ಟೆಂಬುದು ಅಧ್ಯಾಪಕರಿಗೆ ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಅನಂತರ ಮೇಲೇರಿದವರಿಗೆ ಯಾವುದು ನೆರವಾಯಿತು, ಇಳಿದವರಿಗೆ ಏನು ಅಡ್ಡಬಂದಿತು ಎಂದು ವಿಚಾರಿಸುವುದು ನಿಜವಾದ ಸಂಶೋಧನೆಗೆ ಆರಂಭ.

ಪೂರ್ವಸೂಚನೆಯೆಂಬುದು ಜಾತಕವಲ್ಲ. ಹಿಂದೆ ನಡೆದಂತೆಯೇ ಎಲ್ಲವೂ ನಡೆದರೆ, ಹೊಸದಾಗಿ ಯಾರೂ ಏನನ್ನೂ ಮಾಡದಿದ್ದರೆ, ಸರಾಸರಿಯಲ್ಲಿ ಏನಾಗುತ್ತದೆಂಬುದನ್ನಷ್ಟೇ ಅದು ಹೇಳುತ್ತದೆ. ಕಡಿಮೆ ಅಂಕವನ್ನು ಕಂಡು ಅಧ್ಯಾಪಕರು ಮೊದಲ ತಿಂಗಳಲ್ಲೇ ಹೆಚ್ಚಿನ ಪಾಠಕ್ಕೆ ಏರ್ಪಾಡು ಮಾಡಿದರೆ, ಆ ಅಂಕ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದೆಯೆನ್ನಬೇಕು. ಅದೇ ಅಂಕವನ್ನು ಕಂಡು ಆ ವಿದ್ಯಾರ್ಥಿಯ ಕಡೆ ನೋಡುವುದನ್ನೇ ಬಿಟ್ಟರೆ, ಭವಿಷ್ಯವಾಣಿ ತಾನಾಗಿಯೇ ನಿಜವಾಗುತ್ತದೆ. ಆದರೆ ಅದನ್ನು ನಿಜಮಾಡಿದುದು ಅಂಕವಲ್ಲ, ನಾವು.

ವಿದ್ಯಾರ್ಥಿಗಳಿಗೆ ನಾವು ಹೇಳಬೇಕಾದ ಮಾತೂ ಇದರಿಂದಲೇ ಹೊರಡುತ್ತದೆ. ಹೆಚ್ಚಿನ ಅಂಕ ತಂದವರು, ಐವತ್ತರಲ್ಲಿ ಹದಿನೇಳು ಮಂದಿ ಕೆಳಗಿಳಿಯಬಹುದೆಂಬುದನ್ನು ನೆನಪಿಡಬೇಕು. ಕಡಿಮೆ ಅಂಕ ತಂದವರು, ಅಷ್ಟೇ ಮಂದಿ ಮೇಲೇರುತ್ತಾರೆಂಬುದನ್ನು ನೆನಪಿಡಬೇಕು. ಆ ಹದಿನೇಳು ಮಂದಿ ಯಾರೆಂಬುದನ್ನು ಪ್ರವೇಶದ ದಿನ ಯಾವ ಪಟ್ಟಿಯೂ ಹೇಳಲಾರದು. ಮೊದಲ ವಾರದಲ್ಲಿ ಕೈಗೆ ಬರುವ ಪಟ್ಟಿಯನ್ನು ಅಧ್ಯಾಪಕರು ಓದಬೇಕಾದುದು, ಯಾರಿಗೆ ಯಾವ ನೆರವು ಬೇಕಾದೀತೆಂಬುದನ್ನು ತಿಳಿಯುವುದಕ್ಕಾಗಿ. ಓದಿದ ಬಳಿಕ ಅದನ್ನು ಮಡಿಸಿಟ್ಟು ವಿದ್ಯಾರ್ಥಿಗಳ ಪರಿಚಯ ಮಾಡಿಕೊಳ್ಳುವುದು ಯುಕ್ತ.